ಮೂಲ ಸರ್ವರ್‌ನ ವಿಳಾಸ ಮುಚ್ಚದೆ ಕ್ಲೌಡ್‌ಫ್ಲೇರ್ ಹಾಕಿದರೆ ಪ್ರಯೋಜನವಿಲ್ಲ

ಕೇಳಿದವರು: ನಾವು ಜಿಲ್ಲಾ ಮಟ್ಟದ ಕನ್ನಡ ಸುದ್ದಿತಾಣವೊಂದನ್ನು ವರ್ಡ್‌ಪ್ರೆಸ್‌ನಲ್ಲಿ ನಡೆಸುತ್ತಿದ್ದೇವೆ. ಅಕ್ರಮ ಮರಳು ಸಾಗಣೆಯ ವರದಿಗಳು ಪ್ರಕಟವಾದಾಗಿನಿಂದ ಸುಳ್ಳು ಕೋರಿಕೆಗಳು ಒಮ್ಮೆಲೇ ನುಗ್ಗಿ ತಾಣ ಪದೇ ಪದೇ ನಿಂತುಹೋಗುತ್ತಿದೆ. ತಾಣದ ಮುಂದೆ ನಿಂತು ಇಂಥ ದಾಳಿಗಳನ್ನು ತಡೆಯುವ ಕ್ಲೌಡ್‌ಫ್ಲೇರ್ ಸೇವೆ ಬಳಸಿದವರು ದಯವಿಟ್ಟು ಅನುಭವ ತಿಳಿಸಿ. ಉಚಿತ ಯೋಜನೆ ಸಾಲುತ್ತದೆಯೇ?

ಮೊದಲ ಉತ್ತರ: ನಾನು ಇಂಥ ಕೆಲವು ಸುದ್ದಿತಾಣಗಳ ಸರ್ವರ್ ನೋಡಿಕೊಳ್ಳುತ್ತೇನೆ. ದಾಳಿಯನ್ನು ತಡೆಯುವ ಮಟ್ಟಿಗೆ ಉಚಿತ ಯೋಜನೆ ಸಾಲುತ್ತದೆ. ದಾಳಿ ಎಷ್ಟೇ ದೊಡ್ಡದಿದ್ದರೂ ಅದಕ್ಕಾಗಿ ಹೆಚ್ಚುವರಿ ಹಣ ಕೇಳುವುದಿಲ್ಲ ಎಂದು ಆ ಕಂಪನಿ 2017ರ ಸೆಪ್ಟೆಂಬರಿನಲ್ಲಿ ಘೋಷಿಸಿತು, ಅದು ಉಚಿತ ಯೋಜನೆಗೂ ಅನ್ವಯಿಸುತ್ತದೆ. ಡೊಮೇನ್‌ನ ನೇಮ್‌ಸರ್ವರ್‌ಗಳನ್ನು (ತಾಣದ ಹೆಸರು ಯಾವ ವಿಳಾಸಕ್ಕೆ ಸೇರಿದ್ದೆಂದು ಹೇಳುವ ಸರ್ವರ್‌ಗಳು) ಕ್ಲೌಡ್‌ಫ್ಲೇರ್‌ನವಕ್ಕೆ ಬದಲಿಸಿದ ಮೇಲೆ ಕೋರಿಕೆಗಳೆಲ್ಲ ಮೊದಲು ಅವರ ಜಾಲಕ್ಕೆ ಹೋಗುತ್ತವೆ, ಅಲ್ಲಿ ಸೋಸಿ ಉಳಿದವು ಮಾತ್ರ ನಿಮ್ಮ ಸರ್ವರ್‌ಗೆ ಬರುತ್ತವೆ. ಒಂದೇ ಐಪಿ ವಿಳಾಸಕ್ಕೆ (ಅಂತರ್ಜಾಲದಲ್ಲಿ ಸರ್ವರ್ ಅಥವಾ ಸಾಧನವನ್ನು ಗುರುತಿಸುವ ಸಂಖ್ಯೆ) ಜಗತ್ತಿನ ನೂರಾರು ನಗರಗಳ ಕೇಂದ್ರಗಳು ಉತ್ತರಿಸುವುದರಿಂದ ದಾಳಿಯ ಹೊರೆ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ.

ಆದರೆ ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂಬಾಗಿಲಿಗೆ ಕಾವಲಿಟ್ಟು ಹಿತ್ತಿಲ ಬಾಗಿಲು ತೆರೆದಿಟ್ಟಂತೆ, ತಾಣ ನಿಜವಾಗಿ ಇರುವ ಮೂಲ ಸರ್ವರ್‌ನ ಐಪಿ ವಿಳಾಸ ತಿಳಿದವರು ಕ್ಲೌಡ್‌ಫ್ಲೇರ್ ಮೂಲಕ ಹೋಗದೆ ನೇರವಾಗಿ ಅಲ್ಲಿಗೇ ಕೋರಿಕೆ ಸುರಿಯಬಹುದು. ಆ ವಿಳಾಸ ಪತ್ತೆಹಚ್ಚುವುದು ಕಷ್ಟವೂ ಅಲ್ಲ. ಹಳೆಯ ಡಿಎನ್‌ಎಸ್ ದಾಖಲೆಗಳನ್ನು (ಡೊಮೇನ್ ಹೆಸರನ್ನು ಐಪಿಗೆ ಜೋಡಿಸುವ ದಾಖಲೆಗಳು) ಕೂಡಿಡುವ ತಾಣಗಳಿವೆ, ಮರೆತುಹೋದ ಯಾವುದೋ ಉಪಡೊಮೇನ್ ಇನ್ನೂ ಅದೇ ಸರ್ವರ್ ಕಡೆಗೆ ತೋರಿಸುತ್ತಿರಬಹುದು, ನಿಮ್ಮ ತಾಣ ಕಳಿಸುವ ಇಮೇಲ್‌ನ ಹೆಡರ್‌ನಲ್ಲೇ (ಜೊತೆಗೆ ಸಾಗುವ ತಾಂತ್ರಿಕ ವಿವರಗಳಲ್ಲಿ) ಅದು ಕಾಣಬಹುದು. ಆದ್ದರಿಂದ ನೇಮ್‌ಸರ್ವರ್ ಬದಲಿಸಿದ ನಂತರ ಹೋಸ್ಟಿಂಗ್‌ನವರಿಂದ ಹೊಸ ಐಪಿ ಪಡೆಯಿರಿ, ಮತ್ತು ಕ್ಲೌಡ್‌ಫ್ಲೇರ್ ಬಹಿರಂಗವಾಗಿ ಪ್ರಕಟಿಸಿರುವ ಐಪಿ ಶ್ರೇಣಿಗಳಿಂದ ಬರುವ ವೆಬ್ ಕೋರಿಕೆಗಳನ್ನು ಮಾತ್ರ ಒಳಬಿಡುವಂತೆ ಸರ್ವರ್‌ನ ಫೈರ್‌ವಾಲ್ ಹೊಂದಿಸಿ. ಇವೆರಡರಲ್ಲಿ ಒಂದನ್ನು ಬಿಟ್ಟರೂ ರಕ್ಷಣೆ ಅರೆಬರೆಯಾಗಿಯೇ ಉಳಿಯುತ್ತದೆ.

ಎರಡನೆಯ ಉತ್ತರ: ಮೇಲಿನ ಮಾತು ಸಂಪೂರ್ಣ ಸರಿ. ವರ್ಡ್‌ಪ್ರೆಸ್ ಆದ್ದರಿಂದ ಇನ್ನೊಂದು ವಿಷಯ ಸೇರಿಸುತ್ತೇನೆ. ಎಲ್ಲ ಕೋರಿಕೆಗಳೂ ಕ್ಲೌಡ್‌ಫ್ಲೇರ್ ಮೂಲಕ ಬರತೊಡಗಿದಾಗ ನಿಮ್ಮ ಸರ್ವರ್‌ಗೆ ಓದುಗರ ಐಪಿ ಕಾಣುವುದಿಲ್ಲ, ಕ್ಲೌಡ್‌ಫ್ಲೇರ್‌ನದೇ ಕಾಣುತ್ತದೆ. ಭದ್ರತಾ ಪ್ಲಗಿನ್ ಅದನ್ನೇ ದಾಳಿಕೋರನೆಂದು ತಿಳಿದು ತಡೆದರೆ ಆ ದಾರಿಯಲ್ಲಿ ಬರುವ ನಿಜವಾದ ಓದುಗರೆಲ್ಲ ಹೊರಗುಳಿಯುತ್ತಾರೆ. ಓದುಗರ ನಿಜವಾದ ಐಪಿಯನ್ನು ಕ್ಲೌಡ್‌ಫ್ಲೇರ್ ಪ್ರತ್ಯೇಕ ಹೆಡರ್‌ನಲ್ಲಿ ಕಳಿಸುತ್ತದೆ, ಪ್ಲಗಿನ್ ಅದನ್ನು ಓದುವಂತೆ ಮೊದಲೇ ಹೊಂದಿಸಿ. ಕ್ಲೌಡ್‌ಫ್ಲೇರ್‌ನ ಎಸ್‌ಎಸ್‌ಎಲ್ (ಗೂಢಲಿಪಿ) ವಿಭಾಗದಲ್ಲಿ 'ಫುಲ್ ಸ್ಟ್ರಿಕ್ಟ್' ಆರಿಸಿ. 'ಫ್ಲೆಕ್ಸಿಬಲ್' ಆರಿಸಿದರೆ ಕ್ಲೌಡ್‌ಫ್ಲೇರ್‌ನಿಂದ ನಿಮ್ಮ ಸರ್ವರ್‌ವರೆಗಿನ ದಾರಿಯಲ್ಲಿ ಮಾಹಿತಿ ಗೂಢಲಿಪಿಯಿಲ್ಲದೆ ಸಾಗುತ್ತದೆ. 'ಅಂಡರ್ ಅಟ್ಯಾಕ್' ಸ್ಥಿತಿಯನ್ನು ದಾಳಿ ನಡೆಯುತ್ತಿರುವಾಗ ಮಾತ್ರ ಬಳಸಿ, ಏಕೆಂದರೆ ಅದು ಪ್ರತಿ ಓದುಗರನ್ನೂ ಕೆಲವು ಸೆಕೆಂಡು ಕಾಯಿಸುತ್ತದೆ.

ಮೂರನೆಯ ಉತ್ತರ: ನಿಮ್ಮದು ಸುದ್ದಿತಾಣವಾದ್ದರಿಂದ ಕ್ಲೌಡ್‌ಫ್ಲೇರ್ 2014ರಲ್ಲಿ ಆರಂಭಿಸಿದ ಪ್ರಾಜೆಕ್ಟ್ ಗೆಲಿಲಿಯೊಗೆ ಅರ್ಜಿ ಹಾಕಿ ನೋಡಿ. ದಾಳಿಗೆ ಗುರಿಯಾಗುವ ಸ್ವತಂತ್ರ ಪತ್ರಿಕೋದ್ಯಮ ಮತ್ತು ಮಾನವ ಹಕ್ಕುಗಳ ಸಂಸ್ಥೆಗಳಿಗೆ ಅದರಡಿ ಹೆಚ್ಚಿನ ರಕ್ಷಣೆ ಉಚಿತವಾಗಿ ಸಿಗುತ್ತದೆ.

ಒಬ್ಬರನ್ನೇ ನೆಚ್ಚಿಕೊಳ್ಳುವುದರ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಹಲವು ಗಂಟೆ ತೊಂದರೆಗೊಳಗಾದಾಗ ಜಗತ್ತಿನಾದ್ಯಂತ ದೊಡ್ಡ ದೊಡ್ಡ ತಾಣಗಳು ನಿಂತುಹೋದವು. ಕಾರಣ ದಾಳಿಯಾಗಿರಲಿಲ್ಲ, ತಾವಾಗಿಯೇ ಕೋರಿಕೆ ಕಳಿಸುವ ಪ್ರೋಗ್ರಾಂಗಳಾದ ಬಾಟ್‌ಗಳನ್ನು ಗುರುತಿಸುವ ವ್ಯವಸ್ಥೆಯ ಕಡತವೊಂದು ನಿಗದಿತ ಮಿತಿಯನ್ನು ಮೀರಿ ಬೆಳೆದಿತ್ತು. ಅಂದು ಅವರ ಡ್ಯಾಶ್‌ಬೋರ್ಡ್‌ಗೆ ಲಾಗಿನ್ ಆಗುವುದೂ ಅನೇಕರಿಗೆ ಸಾಧ್ಯವಾಗಲಿಲ್ಲ. ಇಂಥ ಸಮಯದಲ್ಲಿ ನೇಮ್‌ಸರ್ವರ್ ಬದಲಿಸಿಕೊಳ್ಳಲು ಆಗುವಂತೆ ಡೊಮೇನ್ ನೋಂದಣಿಯನ್ನು ಬೇರೆ ಕಂಪನಿಯಲ್ಲೇ ಇಟ್ಟು, ಡಿಎನ್‌ಎಸ್ ದಾಖಲೆಗಳ ಒಂದು ಪ್ರತಿಯನ್ನು ನಿಮ್ಮ ಬಳಿ ಉಳಿಸಿಕೊಳ್ಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ನಮ್ಮ ಇಮೇಲ್ ಕೂಡ ಅದೇ ಸರ್ವರ್‌ನಲ್ಲಿದೆ. ಹಾಗಿದ್ದರೆ ಹೊಸ ಐಪಿಯೂ ಬಯಲಾಗುವುದಿಲ್ಲವೇ?

ಮೊದಲ ಉತ್ತರ ಕೊಟ್ಟವರು: ಖಂಡಿತ ಆಗುತ್ತದೆ, ಏಕೆಂದರೆ ಸಾಮಾನ್ಯ ಯೋಜನೆಗಳಲ್ಲಿ ಕ್ಲೌಡ್‌ಫ್ಲೇರ್ ವೆಬ್ ಕೋರಿಕೆಗಳಿಗಷ್ಟೇ ಅಡ್ಡ ನಿಲ್ಲುತ್ತದೆ, ಇಮೇಲ್‌ಗಲ್ಲ. ಮೊದಲು ಇಮೇಲನ್ನು ಬೇರೆ ಸೇವೆಗೆ ಸ್ಥಳಾಂತರಿಸಿ, ತಾಣದಿಂದ ಹೊರಡುವ ಇಮೇಲ್‌ಗಳೂ ಆ ಸೇವೆಯ ಮೂಲಕವೇ ಹೋಗುವಂತೆ ಮಾಡಿ, ಆಮೇಲೆ ಐಪಿ ಬದಲಿಸಿ.