ಇಲ್ಲದ ಕೈ ನೋಯುತ್ತಿದೆ, ಅನುಭವ ಇದ್ದವರು ಹೇಳಿ

ಶಿರಾದಿಂದ: ನಮ್ಮ ಭಾವನ ಬಲಗೈ ಮೇವು ಕತ್ತರಿಸುವ ಮಷೀನಿಗೆ ಸಿಕ್ಕಿ ಮೊಣಕೈ ಕೆಳಗೆ ಹೋಯಿತು. ನಾಲ್ಕು ತಿಂಗಳಾಯಿತು, ಗಾಯ ಮಾಗಿದೆ. ಆದರೂ ಇಲ್ಲದ ಮುಷ್ಟಿ ಬಿಗಿದುಕೊಂಡು ಉಗುರು ಅಂಗೈಗೆ ಚುಚ್ಚುತ್ತೆ ಅಂತ ರಾತ್ರಿಯೆಲ್ಲ ಎದ್ದು ಕೂರುತ್ತಾರೆ. ಕನ್ನಡಿ ಚಿಕಿತ್ಸೆ ಮಾಡಿಸೋದಾ, ಎಲೆಕ್ಟ್ರಾನಿಕ್ ಕೈ ಹಾಕಿಸೋದಾ? ಕೈಯಲ್ಲಿರೋದು ಒಂದೂವರೆ ಲಕ್ಷ.

ಪೀಣ್ಯದ ಫಿಟ್ಟರ್: ಎಲೆಕ್ಟ್ರಾನಿಕ್ ಕೈ ಬೇಡವೇ ಬೇಡ. 2016ರಲ್ಲಿ ಪವರ್ ಪ್ರೆಸ್ ನನ್ನ ಎಡಗೈ ತಿಂದಿತು. ಹೆಂಡತಿಯ ಬಳೆ ಅಡವಿಟ್ಟು 3,40,000 ಕೊಟ್ಟೆ. ಮೊಂಡುಗೈ ಸಣ್ಣಗಾಗುತ್ತಾ ಹೋಯಿತು, ಮೂರೇ ತಿಂಗಳಿಗೆ ಸಾಕೆಟ್, ಅಂದರೆ ಮೊಂಡು ಕೂರುವ ಬಟ್ಟಲು, ಸಡಿಲ. ಹೊಸದಕ್ಕೆ 42,000. ಬ್ಯಾಟರಿಗೆ 18,500. ರಿಪೇರಿಗೆ ಕೊಟ್ಟರೆ 47 ದಿನ ಕಾಯಿಸಿದರು. ಏಪ್ರಿಲ್‌ನಲ್ಲಿ ಬೆವರು ಇಳಿದರೆ ಬೆರಳು ತಾನಾಗೇ ತೆರೆದುಕೊಂಡು ಟೀ ಲೋಟ ಬಿದ್ದುಹೋಗೋದು. ಈಗ ಅದು ಬೀರುವಿನಲ್ಲಿದೆ. 14,000ದ ಕೊಕ್ಕೆಯಲ್ಲಿ ಸ್ಪ್ಯಾನರ್ ಹಿಡಿದು ಮನೆ ನಡೆಸುತ್ತಿದ್ದೇನೆ.

ಮಂಡ್ಯದ ಅಕ್ಕ: ನನ್ನ ಎಡಗೈ ಹೋದದ್ದು ಕಬ್ಬಿನ ಗಾಣಕ್ಕೆ. ನನ್ನನ್ನು ಉಳಿಸಿದ್ದು 450 ರೂಪಾಯಿಯ ಕನ್ನಡಿ. ಅದನ್ನು ಎದೆಯ ಮುಂದೆ ನಿಲ್ಲಿಸಿ, ಮೊಂಡನ್ನು ಹಿಂದೆ ಬಚ್ಚಿಟ್ಟು, ಇರುವ ಕೈಯ ಬಿಂಬ ನೋಡುತ್ತಾ ಎರಡೂ ಮುಷ್ಟಿ ಒಟ್ಟಿಗೆ ಬಿಚ್ಚಬೇಕು. ದಿನಕ್ಕೆ ಎರಡು ಸಲ, ಇಪ್ಪತ್ತು ನಿಮಿಷ. ಒಂಬತ್ತು ದಿನ ಬರೀ ಅಳು, ವಾಕರಿಕೆ. ಹತ್ತನೇ ದಿನ ಬಳೆ, ಉಂಗುರ ತೆಗೆದು ಕೂತೆ. ಇಲ್ಲದ ಕೈಯಲ್ಲಿ ಬಳೆ ಇರಲಿಲ್ಲವಲ್ಲ! ಅವತ್ತು ಹೆಬ್ಬೆರಳಿಂದ ಒಂದೊಂದಾಗಿ ಬೆರಳು ಸಡಿಲವಾದವು. ಮುಖ ತೊಳೆದರೆ ನನಗೆ ಈಗಲೂ ಆ ಬೆರಳುಗಳ ಮೇಲೆ ನೀರು ಹರಿಯುತ್ತದೆ. ಮಿದುಳಲ್ಲಿ ಕೈಯ ಜಾಗದ ಪಕ್ಕವೇ ಮುಖದ್ದು, ಖಾಲಿ ಆದ ಜಾಗಕ್ಕೆ ಮುಖ ಬಂದು ಸೇರುತ್ತೆ ಅಂತ ಮಿದುಳು ವಿಜ್ಞಾನಿ ವಿ.ಎಸ್. ರಾಮಚಂದ್ರನ್ 1992ರಲ್ಲೇ ಹೇಳಿದ್ದಾರೆ.

ಧಾರವಾಡದವ: ಖಾಲಿ ಆಗಲ್ಲ ಅಕ್ಕ. 2025ರಲ್ಲಿ ನೇಚರ್ ನ್ಯೂರೋಸೈನ್ಸ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬಂದಿದೆ. ಮೂವರನ್ನು ಕೈ ತೆಗೆಯುವ ಮೊದಲೇ ಸ್ಕ್ಯಾನ್ ಮಾಡಿ, ಆಮೇಲೆ ಐದು ವರ್ಷದವರೆಗೂ ನೋಡಿದ್ದಾರೆ. ಇಲ್ಲದ ಬೆರಳು ಆಡಿಸಿ ಅಂದಾಗ ಮಿದುಳಲ್ಲಿ ಕೈಯ ಮೊದಲಿನ ನಕ್ಷೆಯೇ ಕಂಡಿತು. ತುಟಿಯ ಭಾಗ ಅಲ್ಲಿಗೆ ನುಗ್ಗಿರಲಿಲ್ಲ. ನನ್ನ ಕೈ ಹೋಗಿ ಹನ್ನೊಂದು ವರ್ಷ, ಕಿರುಬೆರಳನ್ನು ಇವತ್ತೂ ಮಡಚುತ್ತೇನೆ. ನನ್ನ ನೋವಿನ ಮೂಲ ಮಿದುಳಲ್ಲ, ಕತ್ತರಿಸಿದ ನರದ ತುದಿಯಲ್ಲಿ ಬೆಳೆದ ಗಂಟು. ಮೊದಲ ಸರ್ಜನ್ ಸುಮ್ನೆ ಕತ್ತರಿಸಿದರು, ಎಂಟು ತಿಂಗಳಿಗೆ ಮತ್ತೆ ಬೆಳೆಯಿತು. ಎರಡನೆಯವರು ನರವನ್ನು ಸ್ನಾಯುವಿನ ನರಕ್ಕೆ ಜೋಡಿಸಿದರು. 1,12,000 ಆಯಿತು, ನಿದ್ದೆ ಬಂತು.

ಮಂಡ್ಯದ ಅಕ್ಕ: ಹಾಗಾದರೆ ನನ್ನ ಬೆರಳು ಒದ್ದೆಯಾಗೋದು ಸುಳ್ಳಾ?

ಧಾರವಾಡದವ: ಸುಳ್ಳು ಅಂದೆನಾ? ಅನಿಸೋದು ನಿಜ, ಕಾರಣ ಬೇರೆ ಅಂದೆ. ಓದಿ ಮಾತಾಡಿ.

ಪೀಣ್ಯದ ಫಿಟ್ಟರ್: ಕನ್ನಡಿ ನಾನೂ ಎರಡು ತಿಂಗಳು ಹಿಡಿದೆ. ಏನೂ ಆಗಲಿಲ್ಲ.

ಮಂಡ್ಯದ ಅಕ್ಕ: ವಾಚ್ ಬಿಚ್ಚಿದ್ರಾ?

ಪೀಣ್ಯದ ಫಿಟ್ಟರ್: ವಾಚ್ ಕಟ್ಟುತ್ತಿದ್ದ ಕೈಯೇ ಹೋದದ್ದು ಕಣಮ್ಮ. ಎಲ್ಲರಿಗೂ ನಿಮ್ಮ ಥರವೇ ಆಗಬೇಕು ಅಂತ ಇದೆಯಾ?

ಶಿರಾದಿಂದ: ದಯವಿಟ್ಟು ಜಗಳ ಬೇಡ. ಈಗ ಭಾವನ ಮೊಂಡಿನ ತುದಿ ಮೆಲ್ಲಗೆ ತಟ್ಟಿ ನೋಡಿದೆ. ಒಂದೇ ಒಂದು ಜಾಗದಲ್ಲಿ ಕರೆಂಟ್ ಹೊಡೆದಂತೆ ಆಗಿ ಕೂಗಿದರು. ಇದಕ್ಕೆ ಯಾವ ಡಾಕ್ಟರನ್ನು ನೋಡಬೇಕು?

ಪೀಣ್ಯದ ಫಿಟ್ಟರ್: ಯಾರನ್ನಾದರೂ ನೋಡಿ, ಸಾಕೆಟ್‌ಗೆ ಮಾತ್ರ ಮುಂಗಡ ಕೊಡಬೇಡಿ. ನನ್ನ 42,000 ಇನ್ನೂ ವಾಪಸ್ ಬಂದಿಲ್ಲ.