ಬೇರಿನೊಳಗೆ ಪೊಟ್ಯಾಸಿಯಂ 1000 ಪಟ್ಟು ಹೆಚ್ಚಿದ್ದರೂ ಇದು ನಿಷ್ಕ್ರಿಯ ಸಾಗಣೆ ಹೇಗೆ?

ಪ್ರಶ್ನೆ:
ಹೊರಗಿನ ದ್ರಾವಣದಲ್ಲಿ ಪೊಟ್ಯಾಸಿಯಂ 0.1 ಮಿಲಿಮೋಲಾರ್, ಬೇರಿನ ಕೋಶರಸದಲ್ಲಿ (ಕೋಶದೊಳಗಿನ ದ್ರವದಲ್ಲಿ) ಸುಮಾರು 100. ಆದರೂ ಎಕೆಟಿ1 (ಪೊರೆಯಲ್ಲಿರೋ ಪೊಟ್ಯಾಸಿಯಂ ದಾರಿ) ಎಂಬ ಚಾನಲ್ ಮೂಲಕ ಅದು ಒಳಗೆ ಬರುತ್ತೆ, ಚಾನಲ್ ಅಂದರೆ ನಿಷ್ಕ್ರಿಯ ಸಾಗಣೆ, ಅಂದರೆ ನೇರವಾಗಿ ಶಕ್ತಿ ಖರ್ಚಾಗದ ಸಾಗಣೆ, ಅಂತ ಪಠ್ಯದಲ್ಲಿದೆ. ಕಡಿಮೆ ಇರೋ ಕಡೆಯಿಂದ ಹೆಚ್ಚಿರೋ ಕಡೆಗೆ ತಾನಾಗಿ ಹೇಗೆ ಹೋಗುತ್ತೆ? ಜೊತೆಗೆ, ವೆನಡೇಟ್ ಎಂಬ ತಡೆ ರಾಸಾಯನಿಕ ಹಾಕಿದರೆ ಹೀರಿಕೆ ಬಿದ್ದುಹೋಗುತ್ತೆ. ಅಂದಮೇಲೆ ಸಕ್ರಿಯ ಅಂತ ಬರೆಯಬಹುದಾ?

ಉತ್ತರ 1:
ಸಾಂದ್ರತೆ ಒಂದನ್ನೇ ನೋಡಿದರೆ ಈ ಗೊಂದಲ ಬಂದೇ ಬರುತ್ತೆ. ಅಯಾನಿಗೆ ವಿದ್ಯುದಂಶ ಇದೆ, ಪೊರೆಯ ಒಳಬದಿ ಋಣ. ಬೇರಿನ ಕೋಶದಲ್ಲಿ ಸಾಮಾನ್ಯವಾಗಿ ಮೈನಸ್ 120ರಿಂದ ಮೈನಸ್ 200 ಮಿಲಿವೋಲ್ಟ್. ಧನ ಅಯಾನನ್ನು ಒಳಗೆಳೆಯೋದು ಈ ವೋಲ್ಟೇಜ್.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಧನ ವಿದ್ಯುದಂಶದ ಅಯಾನು ಒಳಗೆ ಹತ್ತು ಪಟ್ಟು ಸೇರಲು 59 ಮಿಲಿವೋಲ್ಟ್ ಸಾಕು. ನಿಮ್ಮದು 1000 ಪಟ್ಟು, ಮೂರು ಸಲ 59, ಅಂದರೆ ಮೈನಸ್ 177. ಅಳೆದ ವೋಲ್ಟೇಜ್ ಮೈನಸ್ 190 ಇದ್ದರೆ ಪೊಟ್ಯಾಸಿಯಂಗೆ ಒಳಗೆ ಹೋಗೋದೇ ಇಳಿಜಾರು. ಮೈನಸ್ 150 ಇದ್ದರೆ ತೆರೆದ ಚಾನಲ್‌ನಲ್ಲಿ ಅದು ಹೊರಗೇ ಸೋರುತ್ತೆ. ಹೊರಗೆ 0.01 ಮಿಲಿಮೋಲಾರ್‌ಗೆ ಇಳಿದರೆ ಮೈನಸ್ 236 ಬೇಕು. ಚಾನಲ್ ಕೈಚೆಲ್ಲುವ ಆ ಜಾಗದಲ್ಲಿ ಎಚ್‌ಎಕೆ5 ವಾಹಕ ಪ್ರೋಟಾನಿನ ಜೊತೆಗೂಡಿಸಿ ಪೊಟ್ಯಾಸಿಯಂ ಒಳತರುತ್ತೆ. ನೈಟ್ರೇಟ್ ಋಣ ಅಯಾನು, ಅದನ್ನು ಇದೇ ವೋಲ್ಟೇಜ್ ಹೊರದಬ್ಬುತ್ತೆ. ಹಾಗಾಗಿ ಅದು ಸಾಮಾನ್ಯವಾಗಿ ಎರಡು ಪ್ರೋಟಾನ್‌ಗಳ ಜೊತೆ ಒಳಬರುತ್ತೆ.

ಇನ್ನು ವೆನಡೇಟ್. ಅದು ತಡೆಯೋದು ಪೊರೆಯ ಪ್ರೋಟಾನ್ ಪಂಪನ್ನು. ಒಂದು ಎಟಿಪಿ (ಕೋಶದ ಶಕ್ತಿ ಅಣು) ಮುರಿದು ಒಂದು ಪ್ರೋಟಾನ್ ಹೊರಹಾಕುವ ಪಂಪ್ ಇದು, ವೋಲ್ಟೇಜ್‌ನ ದೊಡ್ಡ ಪಾಲು ಇದರ ದುಡಿಮೆ. ಪಂಪ್ ನಿಂತರೆ ವೋಲ್ಟೇಜ್ ಕುಸಿಯುತ್ತೆ, ಚಾನಲ್ ಮೂಲಕದ ಹೀರಿಕೆಯೂ ವಾಹಕದ ಹೀರಿಕೆಯೂ ಒಟ್ಟಿಗೇ ಬೀಳುತ್ತವೆ. ಆದ್ದರಿಂದ ಹೀರಿಕೆ ಬಿದ್ದಿದ್ದು ಸಕ್ರಿಯ ಅನ್ನೋದಕ್ಕೆ ಪುರಾವೆಯೇ ಅಲ್ಲ. ವೋಲ್ಟೇಜ್ ಅಳೆದು ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ, ಅದೊಂದೇ ದಾರಿ.

ಉತ್ತರ 2:
ಎರಡು ದಾರಿಗಳನ್ನು ಬೇರ್ಪಡಿಸಬೇಕಾದರೆ ಬೇರಿಯಂ ಬಳಸಿ, ಅದು ಎಕೆಟಿ1 ಚಾನಲನ್ನು ಮುಚ್ಚುತ್ತೆ. ಅರಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದಲ್ಲಿ ಎಚ್‌ಎಕೆ5 ದಾರಿಯನ್ನು ಅಮೋನಿಯಂ ತಡೆಯುತ್ತೆ. ಆದರೆ ದ್ರಾವಣದಲ್ಲಿ ಸಲ್ಫೇಟ್ ಇದ್ದರೆ ಬೇರಿಯಂ ಹಾಕಿದ ತಕ್ಷಣ ಹಾಲಿನಂತೆ ಬೆಳ್ಳಗಾಗಿ ಬೇರಿಯಂ ಸಲ್ಫೇಟ್ ತಳಕ್ಕೆ ಕೂರುತ್ತೆ, ಚಾನಲ್ ತೆರೆದೇ ಇರುತ್ತೆ. ಕ್ಯಾಲ್ಸಿಯಂ ಸಲ್ಫೇಟ್ ಬದಲು ಕ್ಯಾಲ್ಸಿಯಂ ಕ್ಲೋರೈಡ್ 0.5 ಮಿಲಿಮೋಲಾರ್ ಹಾಕಿ. ಕ್ಯಾಲ್ಸಿಯಂ ಬಿಡಲೇಬೇಡಿ, ಅದಿಲ್ಲದಿದ್ದರೆ ಪೊರೆ ಸಡಿಲವಾಗಿ ಪೊಟ್ಯಾಸಿಯಂ ಹೊರಬರುತ್ತೆ.

ವೆನಡೇಟ್ ದಾಸ್ತಾನು ದ್ರಾವಣ ಹಳದಿಯಾಗಿದ್ದರೆ ಅಣುಗಳು ಗುಂಪುಗೂಡಿವೆ ಅಂತ. ಪಿಎಚ್ 10ಕ್ಕೆ ತಂದು, ಬಣ್ಣ ಹೋಗುವವರೆಗೆ ಕುದಿಸಿ, ತಣಿಸಿ, ಮತ್ತೆ 10ಕ್ಕೆ ಸರಿಪಡಿಸಿ. ಬಣ್ಣ ಮರಳದಿರುವವರೆಗೂ ಇದನ್ನೇ ಮಾಡಬೇಕು.

ಗಾಳಿ ಹಾಯಿಸೋದು ನಿಂತರೆ ಎಟಿಪಿ ಇಳಿದು ವೋಲ್ಟೇಜೂ ಇಳಿಯುತ್ತೆ. ಆಮೇಲೆ ಯಾವ ಔಷಧದ ಪರಿಣಾಮವನ್ನೂ ನಂಬಲಾಗದು.

ಪ್ರಶ್ನೆ ಕೇಳಿದವರು:
ಹೊರಗೆ 0.5, ವೋಲ್ಟೇಜ್ ಮೈನಸ್ 160 ಅಂದುಕೊಂಡರೆ? ಒಳಗಿನ ಅಂಕಿಯನ್ನು ಅರೆದ ಬೇರಿನಿಂದ ತೆಗೆದುಕೊಳ್ಳಬಹುದಾ?

ಉತ್ತರ 1:
200 ಪಟ್ಟು, ಸುಮಾರು ಮೈನಸ್ 136 ಸಾಕು. ಮೈನಸ್ 160 ಇರೋದರಿಂದ ನಿಷ್ಕ್ರಿಯವಾಗಿಯೇ ನಡೆಯುತ್ತೆ. ಅರೆದ ಬೇರಿನ ಅಂಕಿ ಬೇಡ: ಬಲಿತ ಕೋಶದ ಬಹುಪಾಲು ಜಾಗ ರಸದಾನಿಯದು (ಕೋಶದೊಳಗಿನ ದೊಡ್ಡ ದ್ರವಚೀಲ), ನೀವು ಅಳೆಯೋದು ಹೆಚ್ಚಾಗಿ ಅದನ್ನೇ. ಪೊಟ್ಯಾಸಿಯಂ ಕೊರತೆಯಲ್ಲಿ ಮೊದಲು ಬರಿದಾಗೋದು ರಸದಾನಿ, ಕೋಶರಸ ತನ್ನ ಮಟ್ಟವನ್ನು ಬಹಳ ಹೊತ್ತು ಕಾಪಾಡಿಕೊಳ್ಳುತ್ತೆ. ಅರೆದ ಬೇರಿನ ಅಂಕಿ ಹಾಕಿದರೆ ಒಳಗಿನ ಸಾಂದ್ರತೆ ನಿಜಕ್ಕಿಂತ ಕಡಿಮೆ ಕಂಡು, ಸಕ್ರಿಯ ಸಾಗಣೆಯೂ ಲೆಕ್ಕದಲ್ಲಿ ನಿಷ್ಕ್ರಿಯ ಅಂತ ಬಂದುಬಿಡುತ್ತೆ.