1918ರ ಸ್ಟ್ಯಾನ್ಲಿ ಕಪ್ ಫೈನಲ್: ಟೊರೊಂಟೊ ಗೆದ್ದಿದ್ದು ಆಟದಿಂದಲಾ, ನಿಯಮದಿಂದಲಾ?

ಪ್ರಶ್ನೆ:
ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಮೊದಲ ಸೀಸನ್, ಅಂದರೆ 1917-18ರ ಬಗ್ಗೆ ಓದುತ್ತಿದ್ದೆ. ಫೈನಲ್‌ನಲ್ಲಿ ಟೊರೊಂಟೊ ತಂಡ ವ್ಯಾಂಕೂವರ್ ಮಿಲಿಯನೇರ್ಸ್ ವಿರುದ್ಧ 3-2ರಲ್ಲಿ ಗೆದ್ದಿತು. ಸ್ಕೋರ್ ನೋಡಿ, ಟೊರೊಂಟೊ ಗೋಲು ಮೊದಲು: 5-3, 4-6, 6-3, 1-8, 2-1. ಒಂದು ಇವರಿಗೆ, ಒಂದು ಅವರಿಗೆ. ಪ್ರತಿ ಪಂದ್ಯಕ್ಕೂ ನಿಯಮ ಬದಲಾಗುತ್ತಿತ್ತಂತೆ. ಹಾಗಾದರೆ ಐದನೇ ಪಂದ್ಯ ಯಾರ ನಿಯಮದಲ್ಲಿ ಅನ್ನುವುದೇ ಕಪ್ ಯಾರಿಗೆ ಅಂತ ತೀರ್ಮಾನ ಮಾಡಿತು, ಅಲ್ವಾ?

ಉತ್ತರ 1:
ಬಹುಮಟ್ಟಿಗೆ ಹೌದು. ಆಗ ಪೂರ್ವಕ್ಕೆ ಎನ್‌ಎಚ್‌ಎಲ್, ಪಶ್ಚಿಮಕ್ಕೆ ಪಿಸಿಎಚ್‌ಎ ಅಂತ ಎರಡು ಲೀಗ್ ಇದ್ದವು, ಎರಡರ ಆಟವೂ ಬೇರೆ. ಪೂರ್ವದಲ್ಲಿ ತಂಡಕ್ಕೆ ಆರು ಜನ, ಪಕ್ ಅನ್ನು (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಮುಂದೆ ನಿಂತವನಿಗೆ ಪಾಸ್ ಮಾಡುವಂತಿಲ್ಲ. ಪಶ್ಚಿಮದಲ್ಲಿ ಏಳು ಜನ. ಆ ಏಳನೆಯವನೇ ರೋವರ್, ದಾಳಿಗೂ ರಕ್ಷಣೆಗೂ ಓಡಾಡುವವನು. ಜೊತೆಗೆ ಅಂಕಣದ ಮಧ್ಯದಲ್ಲಿ, ಎರಡು ನೀಲಿ ಗೆರೆಗಳ ನಡುವಿನ ಜಾಗದಲ್ಲಿ ಮುಂದಕ್ಕೆ ಪಾಸ್ ಮಾಡಬಹುದಿತ್ತು. ಇಷ್ಟು ಸಾಕು, ಆಟದ ಲಯವೇ ಬದಲಾಗುತ್ತದೆ. ಮುಂದಕ್ಕೆ ಪಾಸ್ ಇಲ್ಲದಿದ್ದರೆ ಪಕ್ ಹಿಡಿದವನು ತಾನೇ ಡಿಫೆಂಡರ್‌ಗಳನ್ನು ತಪ್ಪಿಸಿಕೊಂಡು ನುಗ್ಗಬೇಕು, ಇಲ್ಲ ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಆ ವರ್ಷ ಫೈನಲ್ ಟೊರೊಂಟೊದಲ್ಲಿ ನಡೆಯಿತು, ಹಾಗಾಗಿ 1, 3, 5ನೇ ಪಂದ್ಯಗಳಿಗೆ ಪೂರ್ವದ ನಿಯಮ ಸಿಕ್ಕಿತು. ಒಟ್ಟು ಗೋಲು ಕೂಡಿಸಿ ನೋಡಿ, ವ್ಯಾಂಕೂವರ್ 21, ಟೊರೊಂಟೊ 18! ವ್ಯಾಂಕೂವರ್‌ನ ಸೈಕ್ಲೋನ್ ಟೇಲರ್ ಒಬ್ಬನೇ 9 ಗೋಲು ಹೊಡೆದ. ಅಂಥವನು ಸೋತ ತಂಡದಲ್ಲಿದ್ದ ಅನ್ನುವುದು ನನಗೆ ಇವತ್ತಿಗೂ ಬೇಜಾರು.

ಉತ್ತರ 2:
ನಾನು ಒಪ್ಪಲ್ಲ. ಹಿಂದಿನ ವರ್ಷ, 1917ರಲ್ಲಿ ಫೈನಲ್ ಸಿಯಾಟಲ್‌ನಲ್ಲಿತ್ತು. ಮೊದಲ ಪಂದ್ಯ ಪಶ್ಚಿಮದ ನಿಯಮದಲ್ಲೇ ನಡೆದರೂ ಗೆದ್ದಿದ್ದು ಮಾಂಟ್ರಿಯಲ್, 8-4ರಲ್ಲಿ. ಆಮೇಲೆ ಸಿಯಾಟಲ್ ಸತತ ಮೂರು ಗೆದ್ದಿತು, ಅದರಲ್ಲಿ ಎರಡು ಪೂರ್ವದ ನಿಯಮದಲ್ಲಿ. ಅಂದರೆ ಚೆನ್ನಾಗಿ ಆಡುವ ತಂಡಕ್ಕೆ ನಿಯಮ ಅಡ್ಡಿ ಆಗಲಿಲ್ಲ. 1918ರಲ್ಲೂ ಕೊನೆಯ ಪಂದ್ಯ 2-1, ಒಂದೇ ಗೋಲಿನ ವ್ಯತ್ಯಾಸ. ಟೊರೊಂಟೊದ ಕಾರ್ಬ್ ಡೆನೆನಿ ಹೊಡೆದ ಗೋಲಿನಿಂದ ಕಪ್ ಬಂತು. ಅದನ್ನು ಸುಮ್ನೆ ನಿಯಮದ ಲೆಕ್ಕಕ್ಕೆ ಬರೆದುಬಿಟ್ಟರೆ ಆ ಹುಡುಗರಿಗೆ ಅನ್ಯಾಯ.

ಉತ್ತರ 3:
ಟೊರೊಂಟೊ ಫೈನಲ್‌ಗೆ ಬಂದ ದಾರಿಯನ್ನೂ ನೋಡಿ. ಸೀಸನ್ ಶುರುವಾದಾಗ ತಂಡ ಬರೀ ನಾಲ್ಕು. ಜನವರಿ 2ರಂದು ಮಾಂಟ್ರಿಯಲ್ ಅರೀನಾ ಸುಟ್ಟುಹೋಯಿತು, ಅಲ್ಲಿ ಆಡುತ್ತಿದ್ದ ವಾಂಡರರ್ಸ್ ತಂಡ ಆಟವನ್ನೇ ಬಿಟ್ಟಿತು, ಉಳಿದಿದ್ದು ಮೂರು. ಸೀಸನ್‌ನ ಮೊದಲರ್ಧ ಗೆದ್ದಿದ್ದು ಮಾಂಟ್ರಿಯಲ್‌ನ ಇನ್ನೊಂದು ತಂಡ ಕೆನೇಡಿಯನ್ಸ್. ಅವರಲ್ಲಿ ಜೋ ಮಲೋನ್ ಇದ್ದ, ಆ ಸೀಸನ್‌ನಲ್ಲಿ 20 ಪಂದ್ಯಕ್ಕೆ 44 ಗೋಲು ಹೊಡೆದವನು. ಎರಡನೇ ಅರ್ಧ ಗೆದ್ದ ಟೊರೊಂಟೊ ಆ ಕೆನೇಡಿಯನ್ಸನ್ನು ಎರಡು ಪಂದ್ಯಗಳ ಒಟ್ಟು ಗೋಲಿನಲ್ಲಿ 10-7ರಿಂದ ಸೋಲಿಸಿತು. ಅಲ್ಲಿ ಇಬ್ಬರಿಗೂ ಒಂದೇ ನಿಯಮ.

ಪ್ರಶ್ನೆ ಕೇಳಿದವರು:
ಗೋಲು ಕೂಡಿಸಿ ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಆದರೆ ಆ 21ರಲ್ಲಿ 14 ಬಂದಿದ್ದು ಪಶ್ಚಿಮದ ನಿಯಮದ ಎರಡೇ ಪಂದ್ಯಗಳಲ್ಲಿ. 1917ರ ಉದಾಹರಣೆ ಸರಿ, ಆದರೂ ಈ ಫೈನಲ್ ಮಟ್ಟಿಗೆ ನನ್ನ ಅನುಮಾನ ಇನ್ನೂ ಹೋಗಿಲ್ಲ.